ಎರೆಹೊಲದಲ್ಲಿ ನಿಸ್ತಂತು

ಈಗಿನ ಕಾಲದಲ್ಲಿ ಬುದ್ಧಿವಂತನೆಂಬ ಬಿರುದು ಮನುಷ್ಯನಿಗಿಂತ ಯಂತ್ರಕ್ಕೇ ಬೇಗ ದೊರೆಯುತ್ತದೆ. ಬುದ್ಧಿಶಾಲಿ ಗಣಕಯಂತ್ರಗಳನ್ನೂ ನಿಸ್ತಂತು ಜಾಲಗಳನ್ನೂ ಕುರಿತು ಸಂಶೋಧನೆ ನಡೆಸುವ ತಂಡಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿಕೊಂಡಿವೆ. ಇವುಗಳಿಂದ ನಮ್ಮ ಕಡೆಯ ಒಕ್ಕಲಿಗನಿಗೆ ಆಗಬೇಕಾದುದೇನು ಎಂದು ಕಲಾವಿಭಾಗದ ವಿದ್ಯಾರ್ಥಿ ಕೇಳಬಾರದೆಂಬ ನಿಯಮವೇನೂ ಇಲ್ಲವಷ್ಟೆ.

ಕರ್ನಾಟಕದಲ್ಲಿ ಇದಕ್ಕೆ ಒಂದು ಮಾದರಿ ಆಗಲೇ ಇದೆ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯೊಡನೆ ಕೂಡಿ, ಪಾವಗಡ ತಾಲೂಕಿನ ಚೆನ್ನಕೇಶವಪುರದಲ್ಲಿ ‘ಕಾಮನ್‌ಸೆನ್ಸ್ ನೆಟ್’ ಎಂಬ ಪ್ರಯೋಗ ನಡೆಸಿದರು. ಹೆಸರೇ ಚೆನ್ನಾಗಿದೆ! ಹೊಲದಲ್ಲಿ ನೆಟ್ಟ ಸಣ್ಣ ಉಪಕರಣಗಳು ಮಣ್ಣಿನ ಹಸಿಯನ್ನೂ ಹವೆಯ ಉಷ್ಣವನ್ನೂ ಅಳೆದು, ತಂತಿಯಿಲ್ಲದೆ ಒಂದರಿಂದೊಂದಕ್ಕೆ ಸುದ್ದಿ ದಾಟಿಸುವುದು ಅದರ ಕ್ರಮ. ಅವರು ಮೊದಲು ರೈತರಿಗೆ ಬೇಕಾದುದೇನೆಂದು ವಿಚಾರಿಸಿಕೊಂಡು ಆಮೇಲೆ ಯಂತ್ರಕ್ಕೆ ಕೈಹಚ್ಚಿದರೆಂಬುದೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಆದರೆ ಪಾವಗಡದ ಪಾಠವನ್ನು ಹಾಗೆಯೇ ಎತ್ತಿ ಹುನಗುಂದ ಸೀಮೆಗೆ ಹಚ್ಚಲಾಗದು. ಅಲ್ಲಿನದು ಹೆಚ್ಚಾಗಿ ಕೆಂಪು ನೆಲ. ನಮ್ಮಲ್ಲಿ ಎರೆಭೂಮಿಯೇ ಬಹಳ. ಎರೆಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮಾಪಕ ಎರಡೂ ಕಡೆ ಒಂದೇ ಅಂಕಿ ತೋರಿಸಿದರೂ ಬೇರಿಗೆ ದಕ್ಕುವ ನೀರು ಒಂದೇ ಅಲ್ಲ. ಬೇಸಿಗೆ ಬಂತೆಂದರೆ ಈ ನೆಲ ಬಿರಿಯುತ್ತದೆ. ಮಾಪಕದ ಸುತ್ತ ಬಿರುಕು ಬಿದ್ದರೆ ಅದು ಮಣ್ಣನ್ನಲ್ಲ, ಗಾಳಿಯನ್ನು ಅಳೆಯುತ್ತ ಕೂಡುತ್ತದೆ! ಇನ್ನು ಜೋಳ ಎದೆಯೆತ್ತರ ಬೆಳೆದು ಎಲೆ ತೊಯ್ದಾಗ ರೇಡಿಯೋ ಅಲೆಗಳ ಬಲವೂ ಕುಂದುತ್ತದೆ. ಅದಕ್ಕೆ ಅಂಟೆನಾ ಬೆಳೆಗಿಂತ ಮೇಲಿರಬೇಕು. ಬಿಳಿಜೋಳದ ಹೊಲದಲ್ಲಿ ಹಿಂಗಾರಿ ಹಸಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡುವ ಮುದುಕನಿಗೆ ಹೆಂಟೆಯ ಗುಣ ಗೊತ್ತು. ಯಂತ್ರಕ್ಕೆ ಅದನ್ನು ಕಲಿಸಬೇಕಾದರೆ ಅಂಥವನ ಹೊಲದಲ್ಲೇ, ಅವನನ್ನು ಪಕ್ಕದಲ್ಲಿಟ್ಟುಕೊಂಡೇ ಕಲಿಸಬೇಕು.

ರಾಮಥಾಳದ ಸಂಗತಿ ಇನ್ನೂ ಗಂಭೀರವಾದುದು. ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸಲು ರೂಪಿಸಿದ ಯೋಜನೆ ಇಲ್ಲಿಯದು. ಇಂಥ ಸಾಮೂಹಿಕ ವ್ಯವಸ್ಥೆಯಲ್ಲಿ ನೀರು ಸೋಸಿ, ಒತ್ತಡಕ್ಕೊಳಗಾಗಿ, ಪಾಳಿಯ ಪ್ರಕಾರ ಹೊಲಕ್ಕೆ ಬರಬೇಕು. ಸ್ವಂತ ಬಾವಿಯಿದ್ದವನು ಮನ ಬಂದಾಗ ಪಂಪು ಹಚ್ಚಿದಂತಲ್ಲ. ಹೀಗಿರುವಾಗ ‘ನಿನ್ನ ಹೊಲ ಒಣಗಿದೆ’ ಎಂದು ಮೊಬೈಲಿಗೆ ಸುದ್ದಿ ಬಂದು, ಪಾಳಿ ಮಾತ್ರ ನಾಲ್ಕು ದಿನ ಬಿಟ್ಟು ಬಂದರೆ, ಆ ಬುದ್ಧಿಶಾಲಿ ಯಂತ್ರ ರೈತನ ಚಿಂತೆಯನ್ನು ಹೆಚ್ಚಿಸಿತೇ ಹೊರತು ಕಡಿಮೆ ಮಾಡಿತೆ? ಆದ್ದರಿಂದ ಮಾಪಕದ ಮಾತು ಹೊಲದೊಡೆಯನಿಗೆ ಮಾತ್ರವಲ್ಲ, ಪಾಳಿ ಗೊತ್ತುಪಡಿಸುವವರಿಗೂ ಮುಟ್ಟಬೇಕು. ಅದರಂತೆ ಪಾಳಿ ಬದಲಿಸುವ ಅಧಿಕಾರದಲ್ಲಿ ರೈತರಿಗೂ ಪಾಲಿರಬೇಕು. ಇದು ತಂತ್ರಜ್ಞಾನದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಜಾಲ ಕಟ್ಟುವವರು ಇದನ್ನು ತಮ್ಮ ಕೆಲಸವಲ್ಲವೆಂದು ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ.

ಭಾಷೆಯ ಮಾತೂ ಇದೆ. ‘ತೇವಾಂಶ ಶೇಕಡಾ 22’ ಎಂದರೆ ಯಾರಿಗೆ ಏನು ತಿಳಿಯಿತು? ‘ಹಸಿ ಇನ್ನೂ ಇದೆ, ನಾಳೆ ನೀರು ಬೇಡ’ ಎಂದರೆ ತಿಳಿಯುತ್ತದೆ. ಇದನ್ನು ಬರೆದುಕೊಡುವ ಕೆಲಸಕ್ಕೆ ನಮ್ಮಂಥ ಬಿ.ಎ. ವಿದ್ಯಾರ್ಥಿಗಳನ್ನೂ ಕರೆಯಬಹುದು.

ಬಾಗಲಕೋಟೆಯಲ್ಲಿ 1963ರಿಂದ ಇಂಜಿನಿಯರಿಂಗ್ ಕಾಲೇಜಿದೆ. 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಎರಡೂ ಕಡೆಯ ಪ್ರಾಧ್ಯಾಪಕರು ಕೂಡಿ, ರಾಮಥಾಳದ ನಾಲ್ಕು ಹೊಲಗಳಲ್ಲಿ ಒಂದು ಮುಂಗಾರಿ, ಒಂದು ಹಿಂಗಾರಿ, ಆಮೇಲೆ ನೆಲ ಬಿರಿಯುವ ಬೇಸಿಗೆ, ಇಷ್ಟನ್ನು ದಾಟಿಸಿದ ಮೇಲೆಯೇ ತಮ್ಮ ಉಪಕರಣದ ಹೆಸರಿನ ಮುಂದೆ ‘ಬುದ್ಧಿಶಾಲಿ’ ಎಂದು ಬರೆಯಲಿ.