ಸೀಟು ಕೂರುತ್ತೆ, ಆಮೇಲೆ?

"ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಲ್ಲಿ ಮಗುವಿನ ಕಾರ್ ಸೀಟ್ ಹಿಡಿಸುತ್ತಾ?" ಅಂತ ಈ ವರ್ಷ ನನ್ನನ್ನು ಕೇಳಿದವರು ನಾಲ್ಕು ಜನ. ನಾಲ್ವರೂ ನಮ್ಮ ಕಡೆಯ ಹುಡುಗರೇ. ಮದುವೆಗೆ ಮುಂಚೆ ಕೊಂಡ ಕಾರಿನ ಮೇಲೆ ನಾಲ್ವರಿಗೂ ಪ್ರಾಣ, ನಾಲ್ವರ ಮನೆಯಲ್ಲೂ ಈಗ ಸಿಹಿಸುದ್ದಿ. ನಾನು ಇಂಥ ಕಾರೊಂದನ್ನು ಇಟ್ಟುಕೊಂಡು ಮಗಳನ್ನು ಓಡಾಡಿಸಿದವನು ಅಂತ ಗೊತ್ತಿರೋದರಿಂದ ನನ್ನ ಹತ್ರ ಬರ್ತಾರೆ. ನಾನು ಹೇಳೋದು ಒಂದೇ ಮಾತು: ಸೀಟು ಕೂರುತ್ತೆ ಕಣಯ್ಯಾ, ಅದು ಕೂತ ಮೇಲೆ ಮನೆಯವರಲ್ಲಿ ಯಾರ್ಯಾರು ಕೂರಬಹುದು ಅನ್ನೋದನ್ನ ಮೊದಲು ಎಣಿಸ್ಕೋ.

ಎರಡು ಬಾಗಿಲಿನ ಕಾರುಗಳಲ್ಲೂ ಎರಡು ಜಾತಿ. ಮಾಜ್ದಾ ಮಿಯಾಟಾ ಥರದ್ದರಲ್ಲಿ ಹಿಂದೆ ಸೀಟೇ ಇಲ್ಲ. ಅಲ್ಲಿ ಮಗುವನ್ನು ಮುಂದೆಯೇ ಕೂರಿಸಬೇಕು, ಮುಂದೆ ಏರ್‌ಬ್ಯಾಗ್ ಇದೆ. ಹಿಮ್ಮುಖವಾಗಿ ಕೂತ ಮಗುವಿನ ಸೀಟಿಗೆ ಆ ಏರ್‌ಬ್ಯಾಗ್ ಬಡಿದರೆ ಕಾಪಾಡಬೇಕಾದದ್ದೇ ಕೊಲ್ಲುತ್ತದೆ. ಏರ್‌ಬ್ಯಾಗನ್ನು ಆರಿಸುವ ಸ್ವಿಚ್ ಇಲ್ಲದಿದ್ದರೆ ಆ ಕಾರಿನ ಮಾತು ಅಲ್ಲಿಗೇ ಮುಗೀತು. ಇನ್ನೊಂದು ಜಾತಿ ಫೋರ್ಡ್ ಮಸ್ಟಾಂಗ್, ಪೋರ್ಷಾ 911 ಥರದ್ದು. ಹಿಂದೆ ಎರಡು ಪುಟ್ಟ ಸೀಟುಗಳಿರುತ್ತವೆ, ನಡುವೆ ಮೂರನೆಯವರಿಗೆ ಜಾಗ ಇರೋಲ್ಲ. ನನ್ನದೂ ಈ ಜಾತಿಯದೇ. ಕಾರಿನ ಹೆಸರು ಬೇಡ ಬಿಡಿ, ಬಣ್ಣ ಕೆಂಪು. ಅಕ್ಕನ ಮದುವೆ ಸಾಲ ತೀರಿದ ಮೇಲೆ ನನಗೋಸ್ಕರ ಅಂತ ನಾನು ಕೊಂಡ ಮೊದಲ ವಸ್ತು ಅದು.

ನಾವಿರೋದು ನ್ಯೂಜೆರ್ಸಿಯಲ್ಲಿ. 2015ರಿಂದ ಇಲ್ಲಿನ ಕಾನೂನಿನ ಪ್ರಕಾರ ಎರಡು ವರ್ಷ ತುಂಬದ, 30 ಪೌಂಡಿಗಿಂತ ಕಡಿಮೆ ತೂಕದ ಮಗು ಹಿಂದಿನ ಸೀಟಿನಲ್ಲಿ, ಹಿಮ್ಮುಖವಾಗಿ, ಐದು ಕಡೆಯಿಂದ ಪಟ್ಟಿ ಬಿಗಿದ ಸೀಟಿನಲ್ಲಿ ಕೂರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಂತೂ 2018ರಲ್ಲಿ, ವಯಸ್ಸಿನ ಲೆಕ್ಕ ಬಿಟ್ಟು ಸೀಟಿನ ತೂಕ-ಎತ್ತರದ ಮಿತಿ ಮುಟ್ಟುವವರೆಗೂ ಹಿಮ್ಮುಖವಾಗಿಯೇ ಕೂರಿಸಿ ಅಂತ ಹೇಳಿತು. ಕಾರಣ ಸರಳ. ಎಳೆ ಮಗುವಿನ ತಲೆಯೇ ಅದರ ಉದ್ದದ ಕಾಲು ಭಾಗ, ಕತ್ತು ಇನ್ನೂ ಬಲಿತಿರೋಲ್ಲ. ಕಾರು ಮುಂದೆ ಗುದ್ದಿದಾಗ ಹಿಮ್ಮುಖವಾಗಿದ್ದರೆ ಆ ಹೊಡೆತವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತೆ, ಮುಂದಕ್ಕೆ ಮುಖವಿದ್ದರೆ ತಲೆ ಎಗರಿ ಕತ್ತಿನ ಮೇಲೆ ಬೀಳುತ್ತೆ.

ಸೀಟು ಕಟ್ಟೋದು ಬ್ರಹ್ಮವಿದ್ಯೆಯೇನಲ್ಲ. 2002ರ ಸೆಪ್ಟೆಂಬರಿನಿಂದೀಚೆಗೆ ಇಲ್ಲಿಗಾಗಿ ತಯಾರಾದ ಕಾರುಗಳ ಹಿಂದಿನ ಸೀಟಿನ ಸಂದಿಯಲ್ಲಿ ಎರಡು ಕಬ್ಬಿಣದ ಕೊಂಡಿಗಳಿರುತ್ತವೆ. 'ಲ್ಯಾಚ್' ಅಂತಾರೆ, ಯುರೋಪಿನಲ್ಲಿ 'ಐಸೋಫಿಕ್ಸ್'. ಅದಕ್ಕೆ ಸಿಕ್ಕಿಸಿ, ಇಲ್ಲವೇ ಕಾರಿನ ಬೆಲ್ಟಿನಿಂದಲೇ ಬಿಗಿಯಿರಿ. ಸೀಟಿನ ಪುಸ್ತಕ ಬಾಯಿಬಿಟ್ಟು ಒಪ್ಪದ ಹೊರತು ಎರಡನ್ನೂ ಒಟ್ಟಿಗೆ ಬಳಸಬಾರದು. ಬಿಗಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಮಗುವಿನ ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಚಳಿಗಾಲದಲ್ಲಿ ದಪ್ಪ ಜಾಕೆಟ್ ಬಿಚ್ಚಿ, ಪಟ್ಟಿ ಬಿಗಿದು, ಮೇಲೆ ಕಂಬಳಿ ಹೊದಿಸಬೇಕು. ಜಾಕೆಟ್ ಮೇಲೇ ಕಟ್ಟಿದರೆ ಗುದ್ದಿದಾಗ ಅದು ಒಳಗೊಳಗೇ ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತೆ.

ಸ್ಪೋರ್ಟ್ಸ್ ಕಾರಿನ ತಕರಾರು ಬೇರೆಯೇ. ಹಿಂದಿನ ಸೀಟು ಬಾವಿಯ ಥರ ಹಿಂದಕ್ಕೆ ಇಳಿಜಾರಾಗಿರೋದರಿಂದ ಮಗುವಿನ ಸೀಟು ಬೇಕಾದ್ದಕ್ಕಿಂತ ನೆಟ್ಟಗೆ ನಿಲ್ಲುತ್ತೆ. ಎಳೆ ಮಗುವಿನ ತಲೆ ಮುಂದಕ್ಕೆ ಬಾಗಿ ಉಸಿರಿಗೆ ತೊಂದರೆಯಾಗಬಹುದು. ಪುಸ್ತಕ ಒಪ್ಪಿದರೆ, ಸೀಟು ಮತ್ತು ಬೆನ್ನು ಸೇರುವ ಸಂದಿಯಲ್ಲಿ ಸುತ್ತಿದ ಟವೆಲ್ ಇಟ್ಟು ಸೀಟಿನ ಬದಿಯ ಗುರುತು ನೋಡಿ ಸರಿಮಾಡಬೇಕು. ನಾನು ನಮ್ಮ ಊರಿನ ಅಗ್ನಿಶಾಮಕ ಠಾಣೆಗೆ ಹೋದೆ. ಸೀಟು ಕಟ್ಟೋದರಲ್ಲಿ ತರಬೇತಿ ಪಡೆದವರು ಇಂಥ ಕಡೆಗಳಲ್ಲಿ ಎಷ್ಟೋ ಸಲ ಪುಕ್ಕಟೆಯಾಗಿ ನೋಡಿ ಹೇಳ್ತಾರೆ. ಆತ ಮುಕ್ಕಾಲು ಗಂಟೆ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಕೂತು, ಸೀಟಿನ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಬಿಗಿದು, ಹೊರಗೆ ಬಂದು ಬೆನ್ನು ನೆಟ್ಟಗೆ ಮಾಡಿಕೊಂಡು, "ಸೀಟು ಸರಿಯಾಗಿ ಕೂತಿದೆ. ಈಗ ನಿಮ್ಮ ಹೆಂಡತಿಯನ್ನ ಮುಂದೆ ಕೂರಿಸಿ ನೋಡಿ" ಅಂದ.

ಅಲ್ಲಿದೆ ನೋಡಿ ವಿಷಯ. ಅಂಗಡಿಯವರು ಸೀಟಿನ ಅಗಲ ಹೇಳ್ತಾರೆ, ಎರಡು ಬಾಗಿಲಿನ ಕಾರಿಗೆ ಬೇಕಾದ್ದು ಉದ್ದ. ನಮ್ಮ ಸೀಟು ಹಿಮ್ಮುಖವಾಗಿ ಕೂತಾಗ ಹಿಂದಿನಿಂದ ಮುಂದಕ್ಕೆ 28 ಇಂಚು ನುಂಗುತ್ತಿತ್ತು. ಅಷ್ಟು ಜಾಗ ಕೊಡಲು ಮುಂದಿನ ಸೀಟನ್ನು ಡ್ಯಾಶ್‌ಬೋರ್ಡಿನ ಕಡೆ ತಳ್ಳಬೇಕು. ಏರ್‌ಬ್ಯಾಗಿನಿಂದ ಆದಷ್ಟು ದೂರ ಕೂರಿ ಅನ್ನೋದು ನಿಯಮ, ಡ್ರೈವರಿಗಾದರೆ ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 10 ಇಂಚು. ಅದಕ್ಕೇ ನನ್ನ ಹಿಂದೆ ಸೀಟು ಕಟ್ಟೋ ಹಾಗಿರಲಿಲ್ಲ. ಪಕ್ಕದ ಸೀಟಿನ ಹಿಂದೆ ಕಟ್ಟಿಸಿದೆ. ಐದಡಿ ಒಂದಿಂಚಿನ ನನ್ನಾಕೆ ಮೊಣಕಾಲು ಮಡಿಸಿಕೊಂಡು ಹೇಗೋ ಕೂತಳು. ಮೂರು ಜನರ ಸಂಸಾರ, ಲೆಕ್ಕ ಸರಿಹೋಯ್ತು.

ಅಕ್ಟೋಬರಿನಲ್ಲಿ ತಿಪಟೂರಿನಿಂದ ಅಮ್ಮ ಬಂದಳು, ಆರು ತಿಂಗಳಿಗೆ. ಮಗಳಿಗೆ ಆಗ ಐದು ತಿಂಗಳು, ಏಳು ಕೆ.ಜಿ. ಮೊದಲ ಶನಿವಾರ ಬ್ರಿಜ್‌ವಾಟರ್ ದೇವಸ್ಥಾನಕ್ಕೆ ಹೊರಟಾಗ ಅಮ್ಮ ನೋಡಿದ್ದು ಐದು ಪಟ್ಟಿಯಲ್ಲಿ ಬಿಗಿಸಿಕೊಂಡು ಅಳುತ್ತಿದ್ದ ಮೊಮ್ಮಗಳನ್ನ.

"ಬಿಚ್ಚೋ ಅದನ್ನ. ಕೊಡಿಲ್ಲಿ, ಮಡಿಲಲ್ಲಿ ಮಲಗಿಸ್ಕೋತೀನಿ. ನಿನ್ನನ್ನ ಹೀಗೆ ಕಟ್ಟಿಹಾಕಿ ಬೆಳೆಸಿದ್ನಾ? ನಿಮ್ಮಪ್ಪನ ಸ್ಕೂಟರ್ ಮುಂದೆ ನಿಂತ್ಕೊಂಡೇ ಅರಸೀಕೆರೆವರೆಗೂ ಹೋಗ್ತಿದ್ದೆ."

ನಿಜವೇ. ಈಗ ನಮ್ಮ ದೇಶದಲ್ಲೂ ಕಾನೂನು ಬದಲಾಗಿದೆ. 2019ರ ತಿದ್ದುಪಡಿಯಲ್ಲಿ, ಬೆಲ್ಟ್ ಅಥವಾ ಮಗುವಿನ ಸೀಟು ಇಲ್ಲದೆ 14ರೊಳಗಿನ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ದರೆ ಸಾವಿರ ರೂಪಾಯಿ ದಂಡ ಅಂತ ಬಂತು. 2022ರ ನಿಯಮದಲ್ಲಿ ದ್ವಿಚಕ್ರ ವಾಹನದ ಪುಟ್ಟ ಸವಾರರಿಗೂ ಹೆಲ್ಮೆಟ್ಟು, ಪಟ್ಟಿ ಬಂದವು. ಆದರೆ ಅಜ್ಜಿಯ ಮುಂದೆ ಕಾನೂನು ಓದೋಕಾಗುತ್ತಾ? ಲೆಕ್ಕ ಹೇಳಿದೆ. ಇಲ್ಲಿ ಸೀಟುಗಳನ್ನು ಪರೀಕ್ಷೆ ಮಾಡೋದು ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್ ವೇಗದಲ್ಲಿ. ಆ ವೇಗದ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಟ್ಟರೆ, ಏಳು ಕೆ.ಜಿ. ಕೂಸು ಸುಮಾರು 95 ಕೆ.ಜಿ. ಭಾರದ ಹಾಗೆ ಮುಂದಕ್ಕೆ ಎಳೆಯುತ್ತೆ. ಹತ್ತಿರ ಹತ್ತಿರ ಒಂದು ಕ್ವಿಂಟಾಲು. "ನಮ್ಮೂರ ಕೊಬ್ಬರಿ ಮಂಡಿಯ ಹಮಾಲರ ಕೈಲೂ ಆಗಲ್ಲಮ್ಮ, ನಿನ್ನ ಕೈಲಿ ಹಿಡ್ಕೊಳಕ್ಕಾಗುತ್ತಾ?" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಸರಿಯಾಗಿ ಬಿಗಿ" ಅಂದಳು. ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ.

ತೊಡಕಾದದ್ದು ಬೇರೆ ಕಡೆ. ಮುಂದಿನ ಸೀಟಿನಲ್ಲಿ ಅಮ್ಮನ ನೋವಿನ ಮಂಡಿ ಮಡಿಸೋಕಾಗೋಲ್ಲ, ಸೀಟು ಹಿಂದಕ್ಕೆ ಸರಿಯೋಲ್ಲ. ಉಳಿದದ್ದು ನನ್ನ ಸೀಟಿನ ಹಿಂದಿನ ಜಾಗ. ಅಲ್ಲಿಗೆ ಬಾಗಿಲಿಲ್ಲ, ಡ್ರೈವರ್ ಸೀಟು ಮಡಿಸಿ, ಸೀರೆ ಎತ್ತಿಕಟ್ಟಿ, ತಲೆ ತಗ್ಗಿಸಿ ನುಸುಳಬೇಕು. ಅರವತ್ತಾರು ವರ್ಷದ ಹೆಂಗಸು ಎರಡು ಶನಿವಾರ ನುಸುಳಿದಳು, ಮೊಮ್ಮಗಳ ಪಕ್ಕದಲ್ಲಿ ಕೂರಬಹುದಲ್ಲ ಅನ್ನೋ ಆಸೆಗೆ. ದಾರಿಯುದ್ದಕ್ಕೂ ಮಗುವಿನ ಬೆರಳು ಹಿಡಿದುಕೊಂಡು ದೇವರನಾಮ ಹೇಳಿದಳು. ಎರಡನೇ ಸಲ ಇಳಿಯುವಾಗ ನಾನೂ ನನ್ನಾಕೆಯೂ ಆಚೆ ಈಚೆ ಹಿಡಿದು ಎಳೆಯಬೇಕಾಯ್ತು. ಪಾರ್ಕಿಂಗ್ ಜಾಗದಲ್ಲಿದ್ದವರು ತಿರುಗಿ ನೋಡಿದರು. ಅಮ್ಮ ನಕ್ಕಳು, ಕಣ್ಣಲ್ಲಿ ನೀರಿತ್ತು.

ಮೂರನೇ ಶನಿವಾರ, "ನೀವು ಹೋಗ್ಬನ್ನಿ, ನಂಗೆ ಅಡುಗೆ ಕೆಲಸ ಇದೆ" ಅಂದಳು.

ಯಾವ ಅಡುಗೆ ಕೆಲಸ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಮೊಮ್ಮಗಳಿಗಾಗಿ ಏಳು ಸಮುದ್ರ ದಾಟಿ ಬಂದವಳು, ಮೊಮ್ಮಗಳು ಹೊರಗೆ ಹೋದ ದಿನ ಕಿಟಕಿ ಪಕ್ಕ ಕೂತಿರೋದು ಅಂದರೇನು? ಆ ರಾತ್ರಿ ನಾನೂ ನನ್ನಾಕೆಯೂ ಹೆಚ್ಚು ಮಾತಾಡಲಿಲ್ಲ. "ಮಾರೋದಾ?" ಅಂದೆ. "ನಾನು ಹೇಳಲ್ಲ, ನಿಮ್ಮ ಕಾರು" ಅಂದಳು. ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಕಾರು ಕೊಟ್ಟೆ. ಬದಲಿಗೆ ಬಂದದ್ದು ಐದು ವರ್ಷ ಹಳೆಯ, ನಾಲ್ಕು ಬಾಗಿಲಿನ, ಬೂದುಬಣ್ಣದ ಸೆಡಾನ್. ಅದನ್ನು ಓಡಿಸೋದರಲ್ಲಿ ಏನೇನೂ ಮಜಾ ಇಲ್ಲ, ಸುಳ್ಳು ಯಾಕೆ ಹೇಳಲಿ? ಹೆದ್ದಾರಿಯಲ್ಲಿ ಕೆಂಪು ಕಾರೊಂದು ಗುಡುಗಿಕೊಂಡು ಹೋದರೆ ಈಗಲೂ ಕತ್ತು ಆ ಕಡೆಗೇ ತಿರುಗುತ್ತೆ. ಆದರೆ ಅಮ್ಮ ಊರಿಗೆ ಹೊರಡುವವರೆಗೂ ಒಂದು ಶನಿವಾರವೂ ಮನೆಯಲ್ಲಿ ಉಳಿಯಲಿಲ್ಲ. ಮಗುವಿನ ಪಟ್ಟಿ ಚಿವುಟಿ ನೋಡೋ ಕೆಲಸವನ್ನೂ ತಾನೇ ವಹಿಸಿಕೊಂಡಿದ್ದಳು.

ಹಾಗಂತ ಎಲ್ಲರೂ ಮಾರಿ ಅಂತ ನಾನು ಹೇಳೋಲ್ಲ. ಗಂಡ, ಹೆಂಡತಿ, ಕೂಸು ಅಷ್ಟೇ ಇದ್ದು, ಮನೆಯಲ್ಲಿ ಇನ್ನೊಂದು ಕಾರೂ ಇದ್ದರೆ ಎರಡು ಬಾಗಿಲಿನಲ್ಲೂ ಸಂಸಾರ ಸಾಗುತ್ತೆ. ಕೊಳ್ಳುವ ಮುಂಚೆ ಸೀಟನ್ನು ಕಾರಿಗೆ ಕಟ್ಟಿ ನೋಡೋಕೆ ಎಷ್ಟೋ ಅಂಗಡಿಯವರು ಬಿಡ್ತಾರೆ, ಕೇಳಿ. ಉದ್ದ ಅಳೆಯಿರಿ, ಕೋನ ನೋಡಿ, ಮುಂದಿನ ಸೀಟಿಗೆ ತಾಗಬಹುದೋ ಇಲ್ಲವೋ ಅನ್ನೋದನ್ನ ಎರಡೂ ಪುಸ್ತಕದಲ್ಲಿ ಓದಿ. ಅಮ್ಮನೋ ಅತ್ತೆಯೋ ಬಾಣಂತನಕ್ಕೆ ಬರೋರಿದ್ದರೆ, ಫೋನ್ ಮಾಡಿದಾಗ ಉಪ್ಪಿನಕಾಯಿ, ಚಟ್ನಿಪುಡಿ ಪಟ್ಟಿಯ ಜೊತೆಗೆ ಇದೊಂದನ್ನೂ ಕೇಳಿಬಿಡಿ: "ಮಂಡಿ ನೋವು ಈಗ ಹೇಗಿದೆ?"