ಯಜಮಾನ ಎಂದರೆ ಕೊಡುವವನು



ಸಂಘದ ಸಭೆಯಲ್ಲಿ ಸಾಲದ ಮಾತು ಬಂದಾಗ ನಮ್ಮಲ್ಲಿ ಒಬ್ಬರಾದರೂ ಹೇಳುತ್ತೇವೆ: “ಯಜಮಾನ್ರನ್ನ ಕೇಳಿ ಹೇಳ್ತೇನೆ.” ಭಟ್ಕಳವಿರಲಿ, ಹೊನ್ನಾವರ, ಕುಮಟಾ ಇರಲಿ, ಗಂಡನ ಹೆಸರೆತ್ತಲು ನಾಚುವ ನಮಗೆ ಈ ಮಾತು ಬಾಯಿಗೆ ರೂಢಿ. ಇದು ಎಲ್ಲಿಂದ ಬಂತೆಂದು ಒಮ್ಮೆ ಯೋಚಿಸೋಣ.

ಇದು ಸಂಸ್ಕೃತದ ಮಾತು. ಯಜ್ಞ, ಯಜಮಾನ ಎರಡಕ್ಕೂ ಬೇರು ಒಂದೇ. ತನಗಾಗಿ ಯಜ್ಞ ಮಾಡಿಸುವವನು ಯಜಮಾನ. ಖರ್ಚು ಅವನದು, ಪುರೋಹಿತರಿಗೆ ದಕ್ಷಿಣೆ ಕೊಡಬೇಕಾದವನೂ ಅವನೇ. ಪಕ್ಕದಲ್ಲಿ ಹೆಂಡತಿ ಇರಬೇಕು; ‘ಪತ್ನಿ’ ಎಂಬ ಮಾತನ್ನು ಪಾಣಿನಿ ಯಜ್ಞದ ಸಂಬಂಧದಿಂದಲೇ ವಿವರಿಸಿದ್ದಾನೆ. ಆಮೇಲೆ ಅರ್ಥ ಹಿಗ್ಗಿತು: ಒಡೆಯ, ಮನೆಯ ಹಿರಿಯ, ಕೊನೆಗೆ ಗಂಡ. ನಮ್ಮ ಕಡೆ ಯಕ್ಷಗಾನ ಮೇಳ ನಡೆಸುವವರೂ ಯಜಮಾನರೇ. ಕಲಾವಿದರ ಸಂಬಳ ಅವರೇ ಕೊಡಬೇಕು.

ಅಂದರೆ ಯಜಮಾನ ಕೊಡುವವನು. ಮದುವೆ ಚಪ್ಪರದಲ್ಲಿ ಮಾತ್ರ ಇದು ತಲೆಕೆಳಗು! ನಾಳೆ ಯಜಮಾನನಾಗುವವನು ಇಂದು ದಕ್ಷಿಣೆಗೆ ಕೈಯೊಡ್ಡುತ್ತಾನೆ. ಮುಸ್ಲಿಂ ಮನೆಗಳಲ್ಲೂ ಮಹರ್ ಕೊಡಬೇಕಾದವನು ವರನೇ. ಆದರೂ ‘ದಹೇಜ್’ ಎಂಬ ಪಿಡುಗಿನ ಹೆಸರು ಅಲ್ಲಿಯೂ ಎಲ್ಲರಿಗೂ ಗೊತ್ತು. ದಕ್ಷಿಣೆ ಎಂದು ಹೆಸರಿಟ್ಟ ಮಾತ್ರಕ್ಕೆ ಸುಲಿಗೆ ದಾನವಾದೀತೇ?

1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದು, ತೆಗೆದುಕೊಳ್ಳುವುದು, ಕೇಳುವುದು ಎಲ್ಲವೂ ಅಪರಾಧ. ಬೇರೆಯವರ ಕೈಸೇರಿದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ಆ ಹೆಣ್ಣಿಗೇ ಒಪ್ಪಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

ಇನ್ನು ‘ಯಜಮಾನಿ’. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಣ್ಣನ್ನೇ ಕುಟುಂಬದ ಮುಖ್ಯಸ್ಥೆ ಎಂದಿತು. 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆ ತಿಂಗಳಿಗೆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೇ ಹಾಕುವುದೆಂದಿತು. ಕಾಗದದಲ್ಲಿ ನಾವು ಯಜಮಾನಿಯರಾದೆವು. ಆ ದುಡ್ಡನ್ನು ಕೇಳಿದಾಗ ಕೊಡದಿದ್ದರೆ ಹೊಡೆತ ತಿನ್ನುವವಳು ಎಂಥ ಯಜಮಾನಿ?

ಅಕ್ಕಂದಿರೇ, ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು ನಮಗಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹಾಗೆನ್ನುತ್ತದೆ. “ಹೊರಗೆ ನಡೆ” ಎಂದರೆ ಹೆದರಿ ನಡೆಯಬೇಕಿಲ್ಲ. ಸಂಘಕ್ಕೆ ತಿಳಿಸಿ, 181ಕ್ಕೆ ಫೋನ್ ಮಾಡಿ.

ಗಂಡನನ್ನು ಕರೆಯಲು ನಮ್ಮಲ್ಲೇ ಒಳ್ಳೆಯ ಮಾತೊಂದಿದೆ: ‘ನಮ್ಮನೆಯವರು’. ಅವರು ನಮ್ಮ ಮನೆಯವರಾದರೆ ನಾವೂ ಆ ಮನೆಯವರೇ. ಅಲ್ಲಿ ಒಡೆಯನಿಲ್ಲ, ಆಳಿಲ್ಲ. ಮುಂದಿನ ಸಭೆಯಲ್ಲಿ “ಯಜಮಾನ್ರನ್ನ ಕೇಳಿ ಹೇಳ್ತೇನೆ” ಅನ್ನುವ ಬದಲು “ನಮ್ಮನೆಯವರ ಹತ್ರ ಮಾತಾಡಿ ಹೇಳ್ತೇನೆ” ಎಂದು ಶುರುಮಾಡೋಣ. ಕೇಳುವುದಕ್ಕೂ ಮಾತಾಡುವುದಕ್ಕೂ ಬಹಳ ವ್ಯತ್ಯಾಸವಿದೆ.