ನಡುಹಗಲಿನಲ್ಲಿ ಕಾರು ಎಲ್ಲಿ ನಿಂತಿರುತ್ತದೆ?

ಕುಣಿಗಲಿನಿಂದ ತುಮಕೂರಿಗೆ ದಿನವೂ ಕಾರಿನಲ್ಲಿ ಬಂದು ಪಾಠ ಹೇಳುವ ನಮ್ಮ ಸಹೋದ್ಯೋಗಿಯೊಬ್ಬರು, ಮನೆಯ ತಾರಸಿಗೆ ಸೌರ ಫಲಕಗಳನ್ನು ಹಾಕಿಸಿ ವಿದ್ಯುತ್ ಕಾರನ್ನು ಕೊಂಡರೆ ಪ್ರಯಾಣವೇ ಬಿಟ್ಟಿಯಾಗುವುದಲ್ಲವೆ ಎಂದು ಈಚೆಗೆ ನಮ್ಮನ್ನು ಕೇಳಿದರು. ಭೌತಶಾಸ್ತ್ರ ಕಲಿಸುವವರಿಗೆ ಇಂಥ ಪ್ರಶ್ನೆ ಎದುರಾದರೆ ಕಾಗದ, ಪೆನ್ಸಿಲು ಹಿಡಿಯದೆ ವಿಧಿಯಿಲ್ಲ. ವಾಚಕರೂ ನಮ್ಮೊಡನೆ ಲೆಕ್ಕ ಹಾಕಲಿ.

ನಡುಹಗಲಿನ ಬಿಸಿಲು ಚದರ ಮೀಟರೊಂದರ ಮೇಲೆ ಸುಮಾರು 1000 ವಾಟ್ ಶಕ್ತಿಯನ್ನು ಸುರಿಸುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ತೋರಿಸಿದ ಸಿಲಿಕಾನ್ ಕೋಶವು ಅದರಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತಿತ್ತು. ಇಂದಿನ ಫಲಕ ಇಪ್ಪತ್ತು ಪಾಲನ್ನು ಮಾರ್ಪಡಿಸುತ್ತದೆ. (ಬೇಗೆ ಹೆಚ್ಚಿದಷ್ಟೂ ಲಾಭವೆಂದು ತಿಳಿಯಬಾರದು. ಏಪ್ರಿಲಿನಲ್ಲಿ ಫಲಕವು 60 ಡಿಗ್ರಿಗೆ ಕಾದಾಗ ಉತ್ಪತ್ತಿಯ ಹತ್ತರಲ್ಲೊಂದು ಪಾಲು ಇಳಿದೇಹೋಗುತ್ತದೆ.) ನಮ್ಮ ಸೀಮೆಯಲ್ಲಿ 3 ಕಿಲೋವಾಟಿನ ಫಲಕಗಳಿಂದ ದಿನಕ್ಕೆ ಸರಾಸರಿ 12 ಯೂನಿಟ್ಟು ದೊರೆಯುತ್ತದೆ. ವೆಚ್ಚ ಎರಡು ಲಕ್ಷ ರೂಪಾಯಿಯ ಆಸುಪಾಸು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಹಾಯಧನ 78,000 ರೂಪಾಯಿ. ಕೈಯಿಂದ ಬೀಳುವುದು 1.2 ಲಕ್ಷವೆನ್ನೋಣ.

ಇನ್ನು ಕಾರು. ಹೋಗಿಬರುವ ದಾರಿ 80 ಕಿಲೋಮೀಟರು. ಪೆಟ್ರೋಲಾದರೆ ಐದು ಲೀಟರು, ಅಂದರೆ 500 ರೂಪಾಯಿ. ವಿದ್ಯುತ್ತಾದರೆ 12 ಯೂನಿಟ್ಟು. ಯೂನಿಟ್ಟಿಗೆ ಏಳು ರೂಪಾಯಿಯಂತೆ 84 ರೂಪಾಯಿ. ತಿಂಗಳಿಗೆ 25 ದಿನವೆಂದರೆ ಉಳಿತಾಯ ಹತ್ತು ಸಾವಿರಕ್ಕೂ ಮಿಗಿಲು! ಆದರೆ ಇದು ಕಾರು ಮಾಡಿದ ಉಳಿತಾಯವೇ ಹೊರತು ಫಲಕ ಮಾಡಿದ್ದಲ್ಲ. ಫಲಕವು ಉಳಿಸುವುದು ಆ 84 ರೂಪಾಯಿಯನ್ನು ಮಾತ್ರ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವವರ ಮಾತಿಗೆ ನಮ್ಮವರು ಮರುಳಾಗಿರುವುದನ್ನು ನೋಡಿದ್ದೇವೆ.

ಗುಬ್ಬಿಯಿಂದ ಸ್ಕೂಟರಿನಲ್ಲಿ ಬರುವವರ ಸ್ಥಿತಿ ಬೇರೆ. ದಿನಕ್ಕೆ 40 ಕಿಲೋಮೀಟರಿಗೆ ಒಂದೂವರೆ ಯೂನಿಟ್ಟು ಸಾಕು. 2023ರಲ್ಲಿ ರಾಜ್ಯ ಸರ್ಕಾರ ತಂದ ಗೃಹಜ್ಯೋತಿಯಿಂದಾಗಿ ಇಂಥ ಮನೆಗಳಲ್ಲಿ ಬಿಲ್ಲು ಬಹುಮಟ್ಟಿಗೆ ಸೊನ್ನೆ. ಸೊನ್ನೆಯಿಂದ ಏನನ್ನು ಕಳೆದರೆ ಫಲಕದ ಸಾಲ ತೀರೀತು? ಕುಣಿಗಲಿನವರ ಕಾರು ಮನೆಯಲ್ಲೇ ತಿಂಗಳಿಗೆ 300 ಯೂನಿಟ್ಟು ಕುಡಿದರೆ 200ರ ಗೆರೆ ದಾಟಿ ಪೂರ್ತಿ ಬಿಲ್ಲನ್ನೇ ತೆರಬೇಕು. ಅವರಿಗೆ ಫಲಕದ ಹಣ ನಾಲ್ಕೈದು ವರ್ಷಗಳಲ್ಲಿ ಹಿಂದಿರುಗೀತು. ಸಹಾಯಧನವೂ ಸ್ವಂತ ತಾರಸಿ ಉಳ್ಳವರಿಗೇ ಒದಗುತ್ತದೆ. ವಠಾರದ ಬಾಡಿಗೆದಾರನಿಗೆ ತಾರಸಿಯೆಲ್ಲಿಯದು?

ಇದಕ್ಕಿಂತ ದೊಡ್ಡ ತೊಡಕು ಗಡಿಯಾರದ್ದು. ಕುಣಿಗಲಿನ ತಾರಸಿಯ ಮೇಲೆ ಬಿಸಿಲು ಪ್ರಖರವಾಗಿರುವಾಗ ಕಾರು ತುಮಕೂರಿನ ಹೊಂಗೆಯ ನೆರಳಿನಲ್ಲಿ ನಿಂತಿರುತ್ತದೆ. ಸಂಜೆ ಅದು ಮನೆ ಸೇರುವ ವೇಳೆಗೆ ಸೂರ್ಯನಿಲ್ಲ. ಹಗಲು ತಂತಿಗೆ ಕೊಟ್ಟದ್ದನ್ನು ರಾತ್ರಿ ಹಿಂಪಡೆದೆವೆಂಬುದು ಲೆಕ್ಕಪುಸ್ತಕದಲ್ಲಿ ಸರಿ; ಆದರೆ ರಾತ್ರಿ ಹರಿದುಬರುವುದರಲ್ಲಿ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನ ಪಾಲುಂಟು. ನಮ್ಮ ಜಿಲ್ಲೆಯ ಪಾವಗಡದಲ್ಲಿಯೇ 2050 ಮೆಗಾವಾಟಿನ ಸೌರ ಉದ್ಯಾನವಿದ್ದರೂ ಅದು ಕೂಡ ಸಂಜೆಯಾದೊಡನೆ ಕಣ್ಣು ಮುಚ್ಚುವಂಥದ್ದೇ.

ಆದುದರಿಂದ ಫಲಕಗಳು ಮೊದಲು ಏರಬೇಕಾದುದು ನಡುಹಗಲಿನಲ್ಲಿ ವಾಹನಗಳು ನಿಲ್ಲುವ ಕಡೆಯ ಚಾವಣಿಗಳನ್ನು, ಅಂದರೆ ಕಾಲೇಜು, ಕಚೇರಿ, ಆಸ್ಪತ್ರೆಗಳನ್ನು, ಎಂಬುದು ನಮ್ಮ ಅಭಿಪ್ರಾಯ. ಸಹಾಯಧನದ ಹರಿವೂ ಅತ್ತ ತಿರುಗಲಿ. ಕಾಲೇಜಿನ ಚಾವಣಿಯಲ್ಲಿ 500 ಚದರ ಮೀಟರು ಬಿಡುವಿದ್ದರೆ 50 ಕಿಲೋವಾಟಿನ ಫಲಕಗಳನ್ನು ಕೂರಿಸಬಹುದು. ದಿನಕ್ಕೆ 200 ಯೂನಿಟ್ಟು. ಕುಣಿಗಲಿನ ಹದಿನಾರು ಕಾರುಗಳಿಗೆ, ಇಲ್ಲವೆ ಗುಬ್ಬಿಯಿಂದ ಬರುವ ನೂರಮೂವತ್ತು ಸ್ಕೂಟರುಗಳಿಗೆ ಸಾಕಾಗುವಷ್ಟು.